ಕಣ್ಣಂಚಿನ ಕಾಗದ

ತನ್ನ ಮೈಯೇ ತನ್ನ ಮೇಲೆ ತಿರುಗಿಬಿದ್ದ ಕಾಯಿಲೆ ವಾರಿಜಮ್ಮನ ಬೆರಳು ಸೊಟ್ಟ ಮಾಡಿದ್ದು ಸಾಲದೆಂದು ಕಣ್ಣೀರನ್ನೂ ಬತ್ತಿಸಿತ್ತು. ಡಾಕ್ಟರು ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿದರು.

“ಐದು ನಿಮಿಷ ಕಣ್ಣು ಮುಚ್ಚಿರಿ. ಎಷ್ಟು ನೆನೆಯುತ್ತೆ, ನೋಡೋಣ.”

ಆಕೆಗೆ ಇವತ್ತು ಒಂದೇ ಒಂದು ಹನಿ ಬೇಕಿತ್ತು.

ಪಕ್ಕದ ಕುರ್ಚಿಯಿಂದ ಗಂಡನ ದನಿ ಬಂತು, ಎಂದಿನಂತೆ ಡಾಕ್ಟರನ್ನೇ ಅಣಕಿಸುತ್ತ: “ನೋಡೀಮ್ಮಾ, ಈ ಕಣ್ಣಿಗೆ ಇನ್ನು ಟ್ಯಾಂಕರ್ ನೀರೇ ಗತಿ.”

ಆಕೆಗೆ ನಗು ಬಂತು. “ಇನ್ನೊಂದ್ಸಲ.”

ದನಿ ಮತ್ತೆ ಬಂತು. ಈ ಸಲ ಸ್ವಲ್ಪ ನಡುಗಿತು.

ಡಾಕ್ಟರು ಪಟ್ಟಿ ತೆಗೆದು ನೋಡಿದರು. “ಒಂಚೂರೂ ನೆಂದಿಲ್ಲ. ಕಾಯಿಲೆ ಜೋರಾಗೇ ಇದೆ.”

ವಾರಿಜಮ್ಮ ಕಣ್ಣು ತೆರೆದು, ಪಕ್ಕದಲ್ಲಿದ್ದ ಮಗನ ಒದ್ದೆ ಕೆನ್ನೆ ಒರೆಸಿದಳು.

“ಥೇಟ್ ನಿಮ್ಮಪ್ಪನ ದನೀನೇ ತೆಗೆದೆ ಕಣೋ. ನಾಳೆ ಅವರ ತಿಥೀಲಿ ಎಲ್ಲರೂ ನನ್ನ ಕಣ್ಣೇ ನೋಡ್ತಾರೆ. ನನ್ನ ಪಾಲಿಂದೂ ನೀನೇ ಅತ್ತುಬಿಡು.”