ಬಚ್ಚಲಮನೆಯ ಸ್ವಿಚ್ಚು

ನಮ್ಮ ಬಚ್ಚಲಮನೆಯ ಸ್ವಿಚ್ಚು ಹೊರಗಿನ ಗೋಡೆಯಲ್ಲಿದೆ. ಹಾದುಹೋಗುವಾಗ ಯಾವ ಸ್ವಿಚ್ಚು ಹಾಕಿದ್ದು ಕಂಡರೂ ಆರಿಸಿಯೇ ಮುಂದೆ ಹೋಗುವುದು ನಮ್ಮ ಯಜಮಾನರ ಅಭ್ಯಾಸ. ಹೀಗಾಗಿ ಸೊಸೆ ವಾರಕ್ಕೆ ನಾಲ್ಕು ದಿನ ಕತ್ತಲಲ್ಲೇ ಸ್ನಾನ ಮುಗಿಸುತ್ತಿದ್ದಳು.

“ಮಾವ, ನಾನು ಒಳಗಿದ್ದೀನಿ.”

“ಅಯ್ಯೋ, ಗೊತ್ತಾಗ್ಲಿಲ್ಲಮ್ಮ,” ಎಂದು ಅವರು ಪ್ರತಿಸಲವೂ ನಿಜವಾಗಿಯೇ ನೊಂದುಕೊಳ್ಳುತ್ತಿದ್ದರು.

ಕೊನೆಗೆ ಸೊಸೆ ಎಲೆಕ್ಟ್ರಿಷಿಯನ್ ನಜೀರ್ ಅವರನ್ನು ಕರೆಸಿದಳು. ಅವರು ಹಳೆಯ ಸ್ವಿಚ್ಚನ್ನು ಹಾಗೇ ಉಳಿಸಿ, ಅದರ ಹಿಂದೆ ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆಯೊಂದನ್ನು ಕೂರಿಸಿದರು.

“ಇನ್ನು ಹೊರಗೆ ಯಾರು ಆರಿಸಿದ್ರೂ ನೀವು ಒಳಗಿಂದ ಫೋನಲ್ಲೇ ಹಾಕ್ಕೋಬಹುದು ಮೇಡಂ.”

ಹೊರಡುವ ಮುನ್ನ ಯಜಮಾನರ ಪಕ್ಕ ಕುಳಿತು, ಅವರ ಫೋನಿನ ಅಕ್ಷರಗಳನ್ನೂ ದೊಡ್ಡದು ಮಾಡಿಕೊಟ್ಟರು. ಯಾರೂ ಕೇಳದೆ ಮಾಡಿದ ಉಪಕಾರ.

ಅಂದಿನಿಂದ ಸೊಸೆ ಫೋನಿಲ್ಲದೆ ಬಚ್ಚಲಿಗೆ ಹೋದವಳಲ್ಲ. ಮೊನ್ನೆ ಯಜಮಾನರು ಮದುವೆಗೆಂದು ತಿಪಟೂರಿಗೆ ಹೋದ ದಿನ ಮಾತ್ರ ಅದನ್ನು ಮೇಜಿನ ಮೇಲೆ ಬಿಟ್ಟಳು.

“ಇವತ್ತು ನಿಶ್ಚಿಂತೆ ಅತ್ತೆ. ತಲೆಗೆ ಎಣ್ಣೆ ಹಚ್ಚಿದ್ದೀನಿ, ನಿಧಾನವಾಗಿ ಬರ್ತೀನಿ.”

ಅರ್ಧ ಗಂಟೆ ಕಳೆದಿರಬೇಕು, ಒಳಗಿಂದ ಕೂಗು ಬಂತು.

“ಅತ್ತೆ, ಕಣ್ಣೆಲ್ಲ ಸೀಗೆಪುಡಿ. ದೀಪ ಆರಿಸೋದು ನೀವೂ ಶುರು ಮಾಡಿದ್ರಾ?”

ನಾನು ಕುರ್ಚಿಯಿಂದ ಎದ್ದೇ ಇರಲಿಲ್ಲ. ಅಷ್ಟರಲ್ಲಿ ತಿಪಟೂರಿನಿಂದ ಯಜಮಾನರ ಫೋನು ಬಂತು.

“ಬಚ್ಚಲ ದೀಪ ಆಗ್ಲಿಂದ ಉರೀತಾನೇ ಇತ್ತು ಕಣೇ. ಮಂಡಿ ನೋವಲ್ಲಿ ನೀನು ಏಳ್ಬೇಡ. ನಜೀರ್ ನನ್ನ ಫೋನಿಗೂ ಹಾಕ್ಕೊಟ್ಟಿದ್ದಾರೆ, ಇಲ್ಲಿಂದ್ಲೇ ಆರಿಸಿದೆ.”