ದಿನಾ ಸಾಲಿಗೆ

“ಸುಳ್ಳು ಹೇಳಾಕ ನಾಚಿಕಿ ಬರೂದಿಲ್ಲ ನಿನಗ?” ಕಾರಿನಿಂದ ಇಳಿಯುತ್ತಲೇ ಅನಸೂಯಾಬಾಯಿ ಗುಡುಗಿದರು.

ಐರಣಿಯ ಆ ಪುಟ್ಟ ಮನೆಯ ಅಂಗಳ ಗುಡಿಸುತ್ತಿದ್ದ ಮುದುಕವ್ವ ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಬಾಯಿಯವರ ಸಿಟ್ಟಿಗೆ ಕಾರಣವಿತ್ತು. ಹತ್ತನೆಯ ತರಗತಿಯ ಮಕ್ಕಳು ಶಾಲೆ ತಪ್ಪಿಸದಂತೆ ನೋಡಿಕೊಳ್ಳಲು ರಾಣೆಬೆನ್ನೂರಿನ ಹೆಂಗಸರು ಒಂದು ಬಳಗ ಕಟ್ಟಿದ್ದರು. ಅದಕ್ಕೆ ಇವರೇ ಅಧ್ಯಕ್ಷೆ. ಒಬ್ಬೊಬ್ಬರಿಗೆ ಹತ್ತು ಮಕ್ಕಳ ಹೊಣೆ, ದಿನಾ ಬೆಳಿಗ್ಗೆ ಮನೆಗೆ ಫೋನು. ತಮ್ಮ ಹೆಸರು ಹೇಳಿದರೆ ಹಳ್ಳಿಯಲ್ಲಿ ಯಾರಿಗೆ ಗೊತ್ತಾಗಬೇಕು? “ಅಣ್ಣಾಜಿಯವರ ಮನಿಯಿಂದ ಮಾತಾಡಾಕತ್ತೇನಿ” ಎಂದೇ ಶುರು ಮಾಡುತ್ತಿದ್ದರು. ಗಂಡ ಅಣ್ಣಾಜಿ ಐರಣಿಯಲ್ಲಿ ಕಂಪನಿಗೆ ಮೆಣಸಿನ ಬೀಜ ಬೆಳೆದುಕೊಡುವವರು. ಬೀಜ ಕಟ್ಟಲೆಂದು ಸಾಲು ಹಿಡಿದು ಹೂವಿಗೆ ಹೂ ಮುಟ್ಟಿಸುವ ಆಳುಗಳ ಉಸಾಬರಿ ಪೂರ್ತಿ ಅವರದು. ಬಾಯಿಯವರು ಹೊಲದ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

ಮುದುಕವ್ವನಿಗೆ ಮೊದಲ ಫೋನು ಹೋದದ್ದು ನವೆಂಬರಿನಲ್ಲಿ. “ನಿನ್ನ ಮಗಳು ನಿರ್ಮಲಾ ವಾರದಾಗ ಮೂರು ದಿನ ತಪ್ಪಿಸ್ತಾಳಂತ. ಇನ್ನ ಮ್ಯಾಲ ದಿನಾ ಸಾಲಿಗೆ ಕಳಸು. ಒಂದು ದಿನ ತಪ್ಪಿದರೂ ನಾ ಸುಮ್ಮನಿರೂದಿಲ್ಲ.” ಹೆಚ್ಚು ಮಾತಾಡಿದರೆ ಹಳ್ಳಿಯವರು ತಲೆಯ ಮೇಲೆ ಕೂರುತ್ತಾರೆ ಎಂಬುದು ಬಾಯಿಯವರ ನಂಬಿಕೆ.

“ಕಳಸ್ತೇನ್ರಿ ಬಾಯಾರ. ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ,” ಎಂದಿದ್ದಳು ಮುದುಕವ್ವ. ಬಡವರಿಗೆ ಎಲ್ಲದಕ್ಕೂ ಹೊಟ್ಟೆಯದೇ ಮಾತು ಎಂದು ಬಾಯಿಯವರು ನಕ್ಕಿದ್ದರು.

ಅಲ್ಲಿಂದ ಮುಂದೆ ದಿನಾ ಒಂದೇ ಉತ್ತರ, “ಸಾಲಿಗೆ ಹೋಗ್ಯಾಳ್ರಿ.” ದಿನಾ ಪಟ್ಟಿಯಲ್ಲಿ ಒಂದು ಗುರುತು. ಸಭೆಯಲ್ಲಿ ನಿರ್ಮಲಾಳ ಹೆಸರು ಹೇಳಿಸಿ ಚಪ್ಪಾಳೆಯನ್ನೂ ತಟ್ಟಿಸಿಕೊಂಡಿದ್ದಾಯಿತು.

ಇಂದು ಶಾಲೆಗೆ ಹೋಗಿ ಹಾಜರಿ ನೋಡಿದರೆ, ಹುಡುಗಿ ಮೂರು ತಿಂಗಳಿಂದ ಅತ್ತ ಸುಳಿದಿರಲಿಲ್ಲ! “ಜಾಣ ಹುಡುಗಿ. ನೀವೊಂದು ಮಾತು ಬರೆದುಕೊಟ್ಟರ ಮ್ಯಾಲಿನವರನ್ನ ಕೇಳಿ ಪರೀಕ್ಷಾಕ್ಕ ಕೂಡಿಸಬಹುದು,” ಎಂದರು ಹೆಡ್‌ಮಾಸ್ತರರು. ಬಾಯಿಯವರು ಬರೆದುಕೊಟ್ಟರು. ‘ತಾಯಿ, ಮಗಳು ಕೂಡಿ ಮೋಸ ಮಾಡಿದ್ದಾರೆ. ದಯೆ ತೋರಬಾರದು.’

“ಮೂರು ತಿಂಗಳು ನನಗ ಟೋಪಿ ಹಾಕಿದಿ,” ಎಂದರು ಈಗ. “ನಿನ್ನ ಮಗಳಿಗೆ ಪರೀಕ್ಷಾ ಇಲ್ಲ. ನಾನ ಬರದುಕೊಟ್ಟು ಬಂದೇನಿ.”

ಮುದುಕವ್ವ ಕಸಬರಿಗೆ ಬದಿಗಿಟ್ಟು ಹತ್ತಿರ ಬಂದಳು. “ಪರೀಕ್ಷಾದ ಸಲುವಾಗಿ ದಿನಾ ಅಳತಿದ್ಲರಿ. ನಾನ ಬಡದು ಬಡದು ಕಳಸೀನಿ.”

“ಬಡದು ಎಲ್ಲಿಗೆ ಕಳಿಸಿದಿ?”

“ನಿಮ್ಮ ಹೊಲದ ಸಾಲಿಗ್ರಿ, ಬಾಯಾರ. ಮೂರು ದಿನ ಹೂವಿನ ಸಾಲು, ಮೂರು ದಿನ ಓದೂ ಸಾಲಿ ಅಂತ ನಡದಿತ್ತು. ನಿಮ್ಮ ಫೋನು ಬಂದ ದಿನಾನ ಓದೂದು ಬಿಡಿಸಿದೆ.”