ಒಂದು ಬೆರಳು ಸೊಟ್ಟ

ಹದಿಮೂರನೆಯ ಬೋರ್ಡನ್ನು ಟೀವಿಯೊಳಗೆ ಕೂರಿಸಿ ಎಂಜಿನಿಯರ್ ಹುಡುಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಹಿಂದಿನ ಹನ್ನೆರಡೂ ಉಸಿರೇ ಎತ್ತಿರಲಿಲ್ಲ. ಇದೂ ಕೈಕೊಟ್ಟರೆ ಅವಳ ವಿಭಾಗಕ್ಕೆ ಬೀಗ, ಬೋರ್ಡುಗಳನ್ನು ಮೊದಲಿನಂತೆ ಹೊರದೇಶದಿಂದಲೇ ತರಿಸುವುದು ಎಂದು ಮ್ಯಾನೇಜರ್ ಬೆಳಿಗ್ಗೆಯೇ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು.

“ಚಿಕ್ಕಪ್ಪ, ನೀವೇ ಒತ್ತಿ. ಹನ್ನೆರಡು ಸಲ ನಾನೇ ಒತ್ತಿದ್ದಾಯ್ತು.”

ಅವಳಿಗಷ್ಟೇ ಚಿಕ್ಕಪ್ಪ, ಕಾರ್ಖಾನೆಗೆಲ್ಲ ಆತ ಲೇಬಲ್ ಮಾವ. ಧೈರ್ಯಕ್ಕಿರಲೆಂದು ಪ್ಯಾಕಿಂಗ್ ವಿಭಾಗದಿಂದ ಕರೆಸಿಕೊಂಡಿದ್ದಳು. ಇಪ್ಪತ್ತೆರಡು ವರ್ಷದಿಂದ ಪ್ರತಿ ಟೀವಿಯ ಬೆನ್ನಿಗೂ ‘ನಮ್ಮ ದೇಶದಲ್ಲೇ ತಯಾರಾದದ್ದು’ ಎಂಬ ಲೇಬಲ್ ಅಂಟಿಸುವುದು ಮಾವನ ಕೆಲಸ. ಅದನ್ನು ಒಂದು ಬೆರಳು ಸೊಟ್ಟಗೆ ಅಂಟಿಸುವುದು ಮಾವನ ಹಟ. ಮೊದಮೊದಲು ಎಲ್ಲವೂ ಹಡಗಿನಲ್ಲೇ ಬರುತ್ತಿತ್ತು, ಇಲ್ಲಿ ನಾಲ್ಕು ಸ್ಕ್ರೂ ತಿರುಗಿಸಿ ಮುಚ್ಚಳ ಹಾಕಿದರೆ ಮುಗಿಯಿತು. ಆಮೇಲೆ ಕವಚ ಮಾಡಲು ಕಲಿತರು, ಪರದೆ ಮಾಡಲು ಕಲಿತರು. ಬೋರ್ಡು ಮಾತ್ರ ಹಡಗಿನಲ್ಲೇ ಬರುತ್ತಿತ್ತು, ಮಾವ ಜಗ್ಗಲಿಲ್ಲ. “ಮೈ ನಮ್ಮದಾದ್ರೇನು, ಜೀವ ಬೇರೆಯವರದು. ಹೆತ್ತವರು ಯಾರೋ, ಹೆಸರಿಡೋರು ನಾವು. ಇಂಥ ಮಾತನ್ನ ನೆಟ್ಟಗೆ ಅಂಟಿಸೋಕೆ ನನ್ನ ಕೈ ಬರಲ್ಲ.” ಬೈದು ಬೈದು ಮ್ಯಾನೇಜರ್ ಸುಸ್ತಾದರೇ ಹೊರತು ಲೇಬಲ್ ನೆಟ್ಟಗಾಗಲಿಲ್ಲ.

ಮಾವ ಬಗ್ಗಿ ನೋಡಿದರು. ಅಂಗೈಯಗಲದ ಹಸಿರು ಬೋರ್ಡು, ಅದರ ತುಂಬ ಸಾಸಿವೆಗಿಂತ ಸಣ್ಣ ಬಿಡಿಭಾಗಗಳು. ಕನ್ನಡಕ ಒರೆಸಿ ಮತ್ತೆ ನೋಡಿದರು. ತಾನು ಎತ್ತಿ ಆಡಿಸಿದ ಕೂಸು ಮಾಡಿದ್ದೇ ಇದು? ಇದೇ ಗೋಡೆಯಾಚೆ ಕೂತು?

“ಇಷ್ಟೊಂದನ್ನ ಹೆಂಗಮ್ಮ ಕೂರಿಸಿದೆ?”

“ಮಿಷನ್ ಕೂರಿಸುತ್ತೆ ಚಿಕ್ಕಪ್ಪ. ಅದಕ್ಕೆ ಬುದ್ಧಿ ಕಲಿಸೋಕೆ ನನಗೆ ಎರಡು ವರ್ಷ ಹಿಡೀತು.”

“ಒತ್ರೀ ಮಾವ, ಜೀವ ತಿನ್ಬೇಡಿ,” ಎಂದರು ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್.

ಮಾವ ಒತ್ತಿದರು. ಪರದೆ ಕಪ್ಪಗೇ ಇತ್ತು. ಹುಡುಗಿ ಮುಖ ತಿರುಗಿಸಿಕೊಂಡಳು. ಅಷ್ಟರಲ್ಲಿ ಮೂಲೆಯಲ್ಲೊಂದು ನೀಲಿ ಚುಕ್ಕೆ ಮಿನುಗಿತು, ನೋಡನೋಡುತ್ತಲೇ ಬಣ್ಣದ ಪಟ್ಟೆಗಳು ಪರದೆ ತುಂಬಿದವು. ಲಕ್ಷಾಂತರ ಟೀವಿ ಬೆಳಗಿದ್ದನ್ನು ಕಂಡ ಕಣ್ಣು ಮಾವನದು. ಆದರೂ ಮೈ ಜುಮ್ಮೆಂದಿತು. ದೊಡ್ಡವರು ಯಾರೋ ಒಳಗೆ ಬಂದರೆಂಬಂತೆ ತಲೆಯ ಟೋಪಿ ತೆಗೆದು ನಿಂತುಬಿಟ್ಟರು.

“ಬದುಕಿದೆ ಕಣಮ್ಮಾ!” ಎಂದು ಮ್ಯಾನೇಜರ್ ಖಾಲಿ ಪೆಟ್ಟಿಗೆಯ ಮೇಲೆ ಕುಸಿದರು. ಆಮೇಲೆ ತಾವೇ ಎದ್ದು ಹೋಗಿ ಲೇಬಲ್ ತಂದರು. “ಇವತ್ತಾದ್ರೂ ನೆಟ್ಟಗೆ ಅಂಟಿಸ್ರೀ, ನಿಮಗೆ ಪುಣ್ಯ ಬರುತ್ತೆ.”

ಮಾವ ಲೇಬಲ್ ಹಿಡಿದು ಅಣ್ಣನ ಮಗಳತ್ತ ತಿರುಗಿದರು. “ಈಗ ಎಲ್ಲಾ ನಮ್ಮದೇ ತಾನೇ?”

ಹುಡುಗಿ ಕಣ್ಣೊರೆಸಿಕೊಂಡಳು. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ನಡುವೆ ಕೂತಿರೋ ಆ ಚಿಪ್ ಒಂದು ಬಿಟ್ಟು. ಅದು ಇನ್ನೂ ಹೊರಗಿನದೇ. ನಾವು ಮಾಡೋಕೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ ಚಿಕ್ಕಪ್ಪ.”

ಮಾವ ಸ್ಕೇಲ್ ತರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅಳೆದು, ಗುರುತು ಮಾಡಿ, ಲೇಬಲ್ ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಮ್ಯಾನೇಜರ್ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

“ಅಯ್ಯೋ, ಎಡಗಡೆ ಕೂದಲೆಳೆಯಷ್ಟು ಮೇಲಿದೆಯಲ್ರೀ!”

“ಇರಲಿ ಸಾರ್,” ಎಂದು ಮಾವ ಸ್ಕೇಲನ್ನು ಹುಡುಗಿಯ ಕೈಗಿಟ್ಟರು. “ಅಷ್ಟನ್ನ ಇವಳು ನೆಟ್ಟಗೆ ಮಾಡ್ತಾಳೆ.”